ಎಡಗೈ ಕತ್ತರಿ

ಮಂಗಳವಾರ, ಬೆಳಗಿನ ಹತ್ತು ಗಂಟೆ
ಮನೆ ಬಿಟ್ಟ ಹನ್ನೊಂದನೆಯ ತಿಂಗಳು

ನನ್ನ ಮುದ್ದು ಗುಬ್ಬಿ,

ಈ ಅಕ್ಕನ ಅಕ್ಷರ ಕಂಡು ಗಾಬರಿಯಾಗಬೇಡ. ಮೈಕೈ ನೆಟ್ಟಗಿದೆ, ಹೊಟ್ಟೆ ತುಂಬಾ ತಿನ್ನುತ್ತಿದ್ದೇನೆ, ಬಿಸಿಲಿಗೆ ಮೂಗು ಮಾತ್ರ ಸುಟ್ಟ ಬದನೆಕಾಯಿಯಾಗಿದೆ. "ಅರವತ್ತು ವರ್ಷಕ್ಕೆ ಊರೂರು ಸುತ್ತೋ ಹುಚ್ಚು ಯಾಕೆ ನಿಂಗೆ?" ಎಂದು ನಮ್ಮ ಹೊಲಿಗೆ ಅಂಗಡಿ ಬಾಗಿಲಲ್ಲಿ ನಿಂತು ಕೇಳಿದ್ದೆಯಲ್ಲ, ಮೊಣಕಾಲಿಗೆ ಒಳ್ಳೆಯದು ಎಂದು ಸುಳ್ಳು ಹೇಳಿದ್ದೆ.

ಹೊರಟಾಗ ಎರಡು ಪೆಟ್ಟಿಗೆ ಇದ್ದವು, ಈಗ ಒಂದೇ ಚೀಲ. ಇಸ್ತ್ರಿಪೆಟ್ಟಿಗೆಯನ್ನು ಮೊದಲನೇ ಊರಿನ ಲಾಡ್ಜಿನವಳಿಗೆ ಕೊಟ್ಟುಬಿಟ್ಟೆ. (ಹೂಂ, ಹೊತ್ತುಕೊಂಡು ಬಂದಿದ್ದೆ. ನಗಬೇಡ.) ಹೋದಲ್ಲೆಲ್ಲ ಗುಂಡಿ ಹೊಲಿದುಕೊಟ್ಟು, ಪ್ಯಾಂಟಿನ ಅಂಚು ಮಡಿಸಿಕೊಟ್ಟು ಸ್ನೇಹ ಸಂಪಾದಿಸುತ್ತಿದ್ದೇನೆ. ಆದರೂ ಚೀಲದ ಭಾರ ಇಳಿಯಲಿಲ್ಲ. ಅದರ ತಳದಲ್ಲಿ ಅಮ್ಮನ ಕತ್ತರಿ ಇತ್ತು.

ಹೌದು ಕಣೇ, ಕಳೆದುಹೋಯಿತು ಎಂದೆವಲ್ಲ, ಅದೇ ಕತ್ತರಿ. ಅಮ್ಮ ತೀರಿಕೊಂಡ ದಿನ ಮೇಜಿನಿಂದ ತೆಗೆದು ನನ್ನ ಕಪಾಟಿನಲ್ಲಿ ಬಚ್ಚಿಟ್ಟವಳು ನಾನೇ. ನೀನು ಮೂರು ದಿನ ತುಂಡುಬಟ್ಟೆಯ ಮೂಟೆಗಳನ್ನೆಲ್ಲ ಬಿಚ್ಚಿ ಹುಡುಕಿದೆ. ನಾನೂ ಜೊತೆಗೆ ಕೂತು ಹುಡುಕಿದೆ, ನನ್ನ ಮುಖಕ್ಕಿಷ್ಟು! ಅದು ಎಡಗೈಯವರ ಕತ್ತರಿ. ಅಮ್ಮ ಎಡಚಿ, ನೀನು ಎಡಚಿ. ನನ್ನ ಬಲಗೈಯಲ್ಲಿ ಅದು ಕಾಗದವನ್ನೂ ನೆಟ್ಟಗೆ ಕತ್ತರಿಸುವುದಿಲ್ಲ. ಅಮ್ಮ ನಿನಗೆ ಕಲಿಸುವಾಗ ಇಬ್ಬರೂ ಒಂದೇ ಕಡೆ ವಾಲಿಕೊಂಡು ನಗುತ್ತಿದ್ದಿರಿ. ನಾನು ಮೇಜಿನ ಈಚೆ ಗುಂಡಿ ಹೊಲಿಯುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅಷ್ಟೇ ಕಾರಣ. ಬೇರೆ ಎಡಗೈ ಕತ್ತರಿ ಕೊಂಡುಕೋ ಎಂದು ನಾನೆಂದರೆ, ಅಮ್ಮನದು ಸಿಕ್ಕೇ ಸಿಗುತ್ತದೆ ಎಂದು ನೀನು ಹೇಳುತ್ತಿದ್ದೆ. ಒಂಬತ್ತು ವರ್ಷ ಬಲಗೈ ಕತ್ತರಿ ಹಿಡಿದು ನಿನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದದ್ದನ್ನು ನೋಡಲಾರದೆ ಊರು ಬಿಟ್ಟೆ.

ಒಮ್ಮೆ ದೋಣಿಯಿಂದ ಅದನ್ನು ನೀರಿಗೆ ಎಸೆಯಹೋದೆ. ದೋಣಿಯವನು ಕೈ ಹಿಡಿದು, "ಅಯ್ಯೋ, ಕತ್ತರಿ ಏನಮ್ಮಾ ತಪ್ಪು ಮಾಡ್ತು?" ಎಂದ. ನಾಚಿಕೆಯಾಗಿ ಚೀಲಕ್ಕೆ ಹಾಕಿಕೊಂಡೆ.

ಹೋದ ವಾರ ಇಲ್ಲಿ ಬಂದರಿನ ಪಕ್ಕ ಹಾಯಿ ಹೊಲಿಯುವ ಹೆಂಗಸೊಬ್ಬಳ ಪರಿಚಯವಾಯಿತು. ಅವಳು ಎಡಗೈಯಲ್ಲಿ ಚಹಾ ಲೋಟ ಎತ್ತಿದ್ದನ್ನು ಕಂಡದ್ದೇ ತಡ, ಕತ್ತರಿ ತೆಗೆದು ಕೊಟ್ಟೆ. ದಪ್ಪ ಹಾಯಿಬಟ್ಟೆಯ ಮೇಲೆ ಅದು ಕರ್ ಕರ್ ಎಂದು ಓಡಿತು. ಅಮ್ಮನ ಮೇಜಿನ ಸದ್ದು! ಅಲ್ಲೇ ಗೋಳೋ ಎಂದು ಅತ್ತೆ. ಅವಳು, "ಇದರ ಯಜಮಾನಿ ಯಾರು? ಸುಮ್ನೆ ಇಟ್ಕೊಂಡ್ರೆ ತುಕ್ಕು ಹಿಡಿಯುತ್ತೆ" ಎಂದು ಗದರಿಸಿ, ಸಾಣೆ ಹಿಡಿದು, ಎಣ್ಣೆ ಬಿಟ್ಟುಕೊಟ್ಟಳು. ಯಜಮಾನಿ ನನ್ನ ತಂಗಿ ಎಂದು ಬಾಯಿಬಿಟ್ಟು ಹೇಳಿದ ಮೇಲೆ ನನಗೆ ನಗು ಬಂತು.

ನಿನ್ನೆ ಅದನ್ನು ನಿನ್ನ ವಿಳಾಸಕ್ಕೆ ಪಾರ್ಸೆಲ್ ಮಾಡಿದೆ. ಅಂಚೆ ಕಚೇರಿಯಿಂದ ಹೊರಗೆ ಬಂದವಳು ಓಡಿ ಬಸ್ಸು ಹಿಡಿದೆ ಗುಬ್ಬಿ, ಈ ಮೊಣಕಾಲಿನಲ್ಲಿ! ಕಂಡಕ್ಟರ್ ಚಪ್ಪಾಳೆ ತಟ್ಟಿದ.

ಬೈಯುವುದಿದ್ದರೆ ಮನಸಾರೆ ಬೈಯಿ, ಮಾತು ಮಾತ್ರ ಬಿಡಬೇಡ. ಮುಂದಿನ ತಿಂಗಳು ಬರುತ್ತೇನೆ. ನನ್ನ ಗುಂಡಿ ಡಬ್ಬಿಯನ್ನು ಯಾರಿಗೂ ಕೊಡಬೇಡ.

ನಿನ್ನ
ಕಳ್ಳಿ ಅಕ್ಕ

ಮರೆತಿದ್ದೆ: ಕತ್ತರಿಗೆ ಸುತ್ತಿದ ಬಟ್ಟೆ ಸೊಟ್ಟಂಬಟ್ಟ ಇದೆ. ಅದನ್ನು ಆ ಕತ್ತರಿಯಿಂದಲೇ, ಎಡಗೈಯಲ್ಲಿ ನಾನು ಕತ್ತರಿಸಿದ್ದು. ಒಂಬತ್ತು ವರ್ಷ, ಪ್ರತಿ ಭಾನುವಾರ, ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದಕ್ಕೆ ಬಂದ ವಿದ್ಯೆ ಇಷ್ಟೇ. ನನಗೂ ಕಲಿಸಿಕೊಡುತ್ತೀಯಾ?