ಆತ್ಯಾ ಮಾಡಿಕೊಟ್ಟ ನೈಟ್ ಗಾರ್ಡ್

ಮಿರಜ
೧೪ ಡಿಸೆಂಬರ್, ಶನಿವಾರ

ಪ್ರೀತಿಯ ಪ್ರಾಜಕ್ತಾ,

ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಹಾಸ್ಟೆಲಿನ ಕಾಲದ ಬೈಗುಳಗಳನ್ನೆಲ್ಲ ನೆನಪಿಸಿಕೊಂಡು ಬೈದಿರುತ್ತೀಯ. ಬೈಯಿ. ಪೆನ್ನು ಹಿಡಿದಾಗಲೆಲ್ಲ ಮಗ ಮಲ್ಹಾರ ಏಳುತ್ತಾನೆ. ಅವನು ಮಲಗಿದರೆ ನನ್ನ ದವಡೆ ಎಚ್ಚರವಾಗುತ್ತದೆ. ನಗಬೇಡ. ಹೆರಿಗೆಯಾದಾಗಿನಿಂದ, ನಿದ್ದೆ ಬರುವ ಸ್ವಲ್ಪ ಹೊತ್ತಿನಲ್ಲೂ ಹಲ್ಲು ಕಚ್ಚಿ ಹಿಡಿಯುತ್ತೇನಂತೆ. ಬೆಳಿಗ್ಗೆ ಕಿವಿಯ ಮುಂದೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋವು. ಜೋಳದ ಭಾಕರಿ ಅಗಿಯಲಾರೆ, ಮೆತ್ತಗಿನ ಅನ್ನ, ಬೇಳೆಯ ವರಣವೇ ಗತಿ. ಹೋದ ವಾರ ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಅತ್ತೆಗೆ ತೋರಿಸಿದೆ. ನೋಡಿದರೆ ನನ್ನದೇ ಹಲ್ಲಿನ ಚೂರು.

ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವ ಪ್ಲಾಸ್ಟಿಕ್ ಕವಚಕ್ಕೆ, ಅದೇ ನೈಟ್ ಗಾರ್ಡಿಗೆ, ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ ದರ ಕೇಳಿ ನನ್ನ ಗಂಡ ನಿಶಿಕಾಂತ, "ಇಷ್ಟರಾಗ ಒಂದು ಫ್ರಿಜ್ ಬರತೈತಿ. ಮನ್ಯಾಗ ಕೇತಕಿ ಇರುವಾಗ ಹೊರಗ್ಯಾಕ ಹೋಗೂದು?" ಅಂದರು.

ಕೇತಕಿ ನನ್ನ ನಾದಿನಿ. ನಮ್ಮ ಮನೆಯ ಕೆಳಗಿನ ಕೋಣೆಗಳಲ್ಲೇ ಅವಳ ವಾಸ, ಹಲ್ಲಿನ ದವಾಖಾನೆ. ಗಾರ್ಡುಗಳನ್ನು ಬೇರೆಡೆ ಮಾಡಿಸದೆ ತಾನೇ ಮಾಡುತ್ತಾಳಾದ್ದರಿಂದ ಅಗ್ಗ; ರಿಕ್ಷಾದವರು, ಮಗ್ಗದವರು ಎಲ್ಲ ಅವಳಲ್ಲಿಗೇ ಬರುತ್ತಾರೆ. ಒಳ್ಳೆಯವಳು. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಂಡೆ ನೋಡು. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅಪ್ಪನ ತಂಗಿಯದು, ಆತ್ಯಾಳದು. ಈಶಾನ್ ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ. ಅವಳು ತೊಟ್ಟಿಲಿಗೆ ಬಗ್ಗಿ ಮಲ್ಹಾರ ಅಂದುಬಿಟ್ಟಳು. ಅತ್ತಿಗೆಯಾದ ನನಗೆ, "ಬಾಯಿಗೆ ಅದ ಬಂತ್ರಿ ವಹಿನಿ!" ಅಂದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಕ್ಕರು. ನಾನೂ ಗುದ್ದಿದೆ, ಸ್ವಲ್ಪ ಜೋರಾಗಿಯೇ.

ಗಾರ್ಡಿಗಾಗಿ ಹಲ್ಲಿನ ಅಚ್ಚು ತೆಗೆಯಲು ಕೇತಕಿ ಗುಲಾಬಿ ಬಣ್ಣದ ತಣ್ಣನೆಯ ಮುದ್ದೆಯನ್ನು ಬಾಯಿಗೆ ಒತ್ತಿ, "ಅಲ್ಲಾಡಬ್ಯಾಡ್ರಿ, ಮಾತಾಡಬ್ಯಾಡ್ರಿ" ಅಂದಳು. ಅಷ್ಟರಲ್ಲಿ ಪರದೆಯಾಚೆ ಅತ್ತೆಯ ತೊಡೆಯ ಮೇಲಿದ್ದ ಮಲ್ಹಾರ ಕಿರುಚಿದ. ನನ್ನ ಬಾಯಿ ತುಂಬ ಮುದ್ದೆ, ಅದರ ಮೇಲೆ ಅವಳ ಬೆರಳು. ಗಂಟಲಿನಿಂದ ಎಮ್ಮೆಯಂಥ ಸದ್ದು ಮಾತ್ರ ಹೊರಟಿತು. ಅವಳು ತಲೆಯನ್ನೂ ತಿರುಗಿಸದೆ, "ಏ ಪಿಲ್ಲೂ, ಆತ್ಯಾ ಇಲ್ಲೇ ಅದಾಳ!" ಅಂದಳು. ಸುಮ್ಮನಾದ.

"ಯಾರ ದನಿ ಗುರುತು ಹಿಡೀತಾನ ನೋಡು ಕಳ್ಳ!" ಅತ್ತೆ ಹಿಗ್ಗಿದರು.

ಅಚ್ಚನ್ನು ಹೊರತೆಗೆದ ಕೇತಕಿ, "ಅಯ್ಯ, ಇಷ್ಟು ಯಾಕ ಕಚ್ಚಿದ್ರಿ?" ಅಂದಳು.

ಗಾರ್ಡು ಚೆನ್ನಾಗಿಯೇ ಕೂತಿತು. "ಇವತ್ತು ಕೂಸು ಕೇತಕಿ ಕಡೆ ಮಲಗಲಿ, ನೀ ಕಣ್ತುಂಬ ನಿದ್ದಿ ಮಾಡು" ಅಂದರು ಅತ್ತೆ. ಒಂದು ರಾತ್ರಿಯ ಮಟ್ಟಿಗೆಂದು ಒಪ್ಪಿದೆ. ಮರುದಿನ ಮಗುವಿನ ಬಾಟಲಿಗಳನ್ನು ಕುದಿಸುವಾಗ ಗಾರ್ಡೂ ಅದೇ ಪಾತ್ರೆಗೆ ಬಿತ್ತು. ಹಪ್ಪಳದ ಹಾಗೆ ಮುರುಟಿಕೊಂಡಿತು. ಕೇತಕಿ ಹೊಟ್ಟೆ ಹಿಡಿದು ನಕ್ಕಳು. "ಕೆಮಿಸ್ಟ್ರಿ ಎಂ.ಎಸ್ಸಿ. ನಮ್ಮ ವಹಿನಿ! ಪ್ಲಾಸ್ಟಿಕ್ ಕುದಿಸ್ತಾರೇನ್ರಿ?" ಅಚ್ಚು ಹೇಗೂ ಇದೆಯೆಂದು ಅಂದೇ ಇನ್ನೊಂದು ಮಾಡಿಕೊಟ್ಟಳು. ಅದಿನ್ನೂ ಡಬ್ಬಿಯಲ್ಲೇ ಇದೆ.

ಈಗ ಅತ್ತೆ, "ಇನ್ನ ಮ್ಯಾಲೆ ದಿನಾ ಹಂಗ ಮಾಡೂಣು, ಕೂಸು ಕೆಳಗ ಮಲಗಲಿ" ಅನ್ನುತ್ತಾರೆ. ನಿಶಿಕಾಂತರೂ ತಲೆಯಾಡಿಸುತ್ತಾರೆ. ಹೂಂ ಅನ್ನಲೋ ಬೇಡವೋ, ಇಂದು ಸಂಜೆಯೊಳಗೆ ಹೇಳಬೇಕು.

ನಿನ್ನ ಪುಟ್ಟ ರೇವಾಗೆ ನನ್ನ ಆಶೀರ್ವಾದ. ಅವಳ ಹಲ್ಲುಗಳು ನೋವಿಲ್ಲದೆ ಮೂಡಲಿ. ಅತ್ತಾಗಲೆಲ್ಲ ನಿನ್ನನ್ನೇ ಹುಡುಕಿ ಅಳಲಿ.

ನಿನ್ನ,
ಶರ್ವರಿ

ತಾ.ಕ.: ಗಾರ್ಡು ತಾನಾಗಿ ಪಾತ್ರೆಗೆ ಬೀಳಲಿಲ್ಲ, ನಾನೇ ಹಾಕಿದೆ. ಆ ಬೆಳಿಗ್ಗೆ ನಾನು ಎಷ್ಟೋ ತಿಂಗಳ ಮೇಲೆ ನೋವಿಲ್ಲದೆ ಎದ್ದಿದ್ದೆ. ಮಲ್ಹಾರ ರಾತ್ರಿಯಿಡೀ ನನಗಾಗಿ ಅತ್ತಿರುತ್ತಾನೆಂದು ಕೆಳಗೆ ಓಡಿದೆ. ಕೇತಕಿಯ ತೋಳಿನ ಮೇಲೆ ಮಲಗಿ ನಗುತ್ತಿದ್ದ. ಎತ್ತಿಕೊಂಡೆ. ಅಳತೊಡಗಿದ. ಸುಮ್ಮನಾಗಲೆಂದು ಅವಳ ಕೈಗೇ ವಾಪಸ್ ಕೊಟ್ಟೆ, ಪ್ರಾಜಕ್ತಾ. ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ. ಸುಮ್ಮನಾದ.