ಟಿಬ್ಬಿಯನ್ನು ಬಿಟ್ಟು ಬರಲಿಲ್ಲ

ಫ್ರಾಂಕ್ಲಿನ್, ಟ್ಯಾಸ್ಮೇನಿಯಾ
೧೨ ಮೇ ೧೯೫೭

ನನ್ನ ಮ್ಯೂರಿಯಲ್,

ನಿನ್ನ ಕಾಗದ ಕಾರ್ಲಿಂಗ್ ದ್ವೀಪಕ್ಕೆ ಹೋಗಿ, ನಾವು ಅಲ್ಲಿಲ್ಲವೆಂದು ತಿರುಗಿ, ನಿನ್ನೆ ಇಲ್ಲಿ ಕೈಗೆ ಸಿಕ್ಕಿತು. ನಿನ್ನ ಸೊಂಟನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಆದರೆ ಕಡೆಯಲ್ಲಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ ನೆನಪಾಗಿ ಕೇಳಿದ ಹಾಗೆ, 'ನಾವು ಬಿಟ್ಟು ಬಂದ ಬೆಕ್ಕು ಏನಾಯಿತೋ? ಬೆಕ್ಕು ಒಗ್ಗುವುದು ಮನೆಗೆ, ಮನುಷ್ಯರಿಗಲ್ಲ, ಅಲ್ಲವೇ?' ಎಂದು ಬರೆದಿದ್ದೀಯ. ಅಲ್ಲ ಮ್ಯೂರಿಯಲ್, ಅಲ್ಲವೇ ಅಲ್ಲ. ನಮ್ಮ ಹದಿನೈದು ವರ್ಷದ ಸ್ನೇಹ ಉಳಿಯಲಿ, ಹೋಗಲಿ, ಇದನ್ನು ಹೇಳಿಯೇ ತೀರುತ್ತೇನೆ.

ಆ ದ್ವೀಪದ ದೀಪಸ್ತಂಭದ ಮನೆಗೆ ನಾವು ಬರುವ ಹೊತ್ತಿಗೆ ನೀವು ಬಿಟ್ಟು ಹೋಗಿ ನಾಲ್ಕು ತಿಂಗಳಾಗಿತ್ತು. ಕ್ರೇನಿನ ಬುಟ್ಟಿ ನಮ್ಮನ್ನು ಹಡಗಿನಿಂದ ಎತ್ತಿ ಬಂಡೆಯ ಮೇಲೆ ಇಳಿಸಿದಾಗ ಅಲ್ಲೊಂದು ಮೂಳೆಚಕ್ಕಳದ ಬೆಕ್ಕು ಕೂತಿತ್ತು. ನನ್ನ ಮುಖ ನೋಡಿತು, ನನ್ನ ಗಂಡ ಕ್ಲೆಮ್‌ನದು ನೋಡಿತು, ಮೂರು ವರ್ಷದ ಮಗಳು ಬೆರಿಲ್‌ಳದು ನೋಡಿತು. ತಿರುಗಿ ಗುಡ್ಡ ಹತ್ತಿ ಹೋಯಿತು. ಆಮೇಲೆ ಒಂದು ವರ್ಷ, ಹಡಗು ಬಂದಾಗಲೆಲ್ಲ ಹಾಗೇ ಇಳಿದು ಬಂದು ನೋಡಿ ಹೋಗುತ್ತಿತ್ತು. ಯಾರನ್ನು ಹುಡುಕುತ್ತಿತ್ತೆಂದು ಬೇರೆ ಹೇಳಬೇಕೇ? ಅದಾದ ಮೇಲೆ ಬೆರಿಲ್‌ಳ ಹಾಸಿಗೆಯಲ್ಲಿ ಮಲಗಲು ಒಪ್ಪಿತು. ಟಿಬ್ಬಿ ಎಂದು ಕರೆದರೆ ಓಗೊಟ್ಟಿತು.

ಈ ಜನವರಿಯಲ್ಲಿ ವರ್ಗಾವಣೆಯ ಕಾಗದ ಬಂತು. ಹೊಸ ಜಾಗದಲ್ಲಿ ಕಡಲಹಕ್ಕಿಗಳ ಗೂಡುಗಳಿವೆ, ಬೆಕ್ಕು ತರಕೂಡದು ಎಂದಿತ್ತು. ನಮ್ಮ ನಂತರ ಆ ಮನೆಗೆ ಬರುವವರಿಗೋ ಎರಡು ಬೇಟೆನಾಯಿ, ಅವರ ಬಳಿ ಬಿಡುವ ಹಾಗೂ ಇಲ್ಲ. ಸಾಮಾನು ತುಂಬಲು ಕ್ಲೆಮ್ ಅಟ್ಟದಿಂದ ಚಹಾಪೆಟ್ಟಿಗೆಗಳನ್ನು ಇಳಿಸಿದ ದಿನವೇ ಟಿಬ್ಬಿ ತಿನ್ನುವುದನ್ನು ಬಿಟ್ಟಳು. ಕಂಬಳಿ ಮಡಿಸಿಟ್ಟ ಪೆಟ್ಟಿಗೆಯಲ್ಲಿ ಹೋಗಿ ಕೂರುವಳು. ಎತ್ತಿ ಹೊರಗೆ ಬಿಟ್ಟರೆ, ನಾನು ತಿರುಗುವಷ್ಟರಲ್ಲಿ ಮತ್ತೆ ಒಳಗೆ. ಆರು ವರ್ಷ ಕಾಲಿಡದ ದೀಪಸ್ತಂಭದ ಮೆಟ್ಟಿಲನ್ನೂ ಕ್ಲೆಮ್‌ನ ಹಿಂದೆ ಹತ್ತಿದಳು.

"ಅಮ್ಮಾ, ಅವಳಿಗೆ ಗೊತ್ತಾಗ್ಬಿಟ್ಟಿದೆ," ಎಂದಳು ಬೆರಿಲ್. "ಹೋದ್ಸಲ ಅವಳನ್ನ ಬಿಟ್ಟು ಹೋದವ್ರೂ ಹಿಂಗೇ ಪೆಟ್ಟಿಗೆ ಕಟ್ಟಿದ್ರಲ್ವಾ?"

ಒಂಬತ್ತು ವರ್ಷದ ಹುಡುಗಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲವಲ್ಲೇ!

ಕ್ಲೆಮ್‌ನದು ಒಂದೇ ಮಾತು: "ಆರ್ಡರ್ ಅಂದ್ರೆ ಆರ್ಡರ್ ಕಣೇ."

ಹಡಗು ಬಂದ ದಿನ ಅಲೆ ಏಳತೊಡಗಿತ್ತು. ನಾನೂ ಬೆರಿಲ್‌ಳೂ ಹಡಗಿನಲ್ಲಿದ್ದೆವು. ಕೊನೆಯ ಬುಟ್ಟಿಯಲ್ಲಿ ಕ್ಲೆಮ್ ಬಂದ. ಅವನ ಕೋಟಿನೊಳಗಿಂದ ಎರಡು ಕಿವಿ ಹೊರಬಂದವು.

ಕ್ಯಾಪ್ಟನ್ ಟ್ರೆಗಿಯರ್ ಕೂಗಾಡಿದ. "ಏನ್ರೀ ಇದು! ಬೆಕ್ಕಿಗೆಲ್ಲ ಪರ್ಮಿಷನ್ ಇಲ್ಲ. ಇಳಿಸಿ, ಮೊದ್ಲು ಇಳಿಸಿ!"

ನಾನು ಬುಟ್ಟಿಯ ಹಗ್ಗ ಹಿಡಿದು ನಿಂತೆ. "ಇಳಿಸಿ. ಅವಳ ಜೊತೆ ನಾನೂ ಇಳೀತೀನಿ, ನನ್ನ ಜೊತೆ ಮಗಳೂ ಇಳೀತಾಳೆ. ಮತ್ತೆ ನಮ್ಮನ್ನ ಹತ್ತಿಸೋಕೆ ಅಲೆ ನಿಮಗೆ ಎಷ್ಟು ಹೊತ್ತು ಕೊಡತ್ತೋ ನೋಡೋಣ."

"ಅದೇನು ಮಹಾರಾಣಿನೇನ್ರೀ?"

"ಮಹಾರಾಣಿ ಆಗಿದ್ರೆ ನೀವು ಪರ್ಮಿಷನ್ ಕೇಳ್ತಿದ್ರಾ? ಟೋಪಿ ತೆಗೆದು ಸಲಾಮು ಹೊಡೀತಿದ್ರಿ!"

ಹಡಗಿನವರೆಲ್ಲ ನಕ್ಕುಬಿಟ್ಟರು. ಕ್ಯಾಪ್ಟನ್ ಕಡಲು ನೋಡಿದ, ಗಡಿಯಾರ ನೋಡಿದ, ಲಂಗರು ಎತ್ತಿಸಿದ.

ಹೋಬಾರ್ಟಿನಲ್ಲಿ ಕ್ಲೆಮ್ ನಾಲ್ಕು ಸಾಲು ಬರೆದು, ಇಪ್ಪತ್ತೊಂದು ವರ್ಷದ ಕೆಲಸ ಬಿಟ್ಟು ಬಂದ. ಹಕ್ಕಿಗಳ ನಡುವೆ ಬೆಕ್ಕು ಬಿಡುವುದು ತಪ್ಪೆಂದು ಅವನಿಗೂ ಗೊತ್ತು, ಇವಳನ್ನು ಬಿಡುವುದು ತಪ್ಪೆಂದೂ ಗೊತ್ತು. ಈಗ ಇಲ್ಲಿ ಸೇಬಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಹೊತ್ತು ಮುಳುಗಿದರೆ ದೀಪ ಹಚ್ಚಬೇಕೆಂದು ತಟ್ಟನೆ ಎದ್ದು ನಿಲ್ಲುತ್ತಾನೆ, ಆಮೇಲೆ ಮತ್ತೆ ಕೂರುತ್ತಾನೆ. ಅದನ್ನು ನೋಡಿದಾಗಲೆಲ್ಲ ಅವನಿಗೊಂದು ಲೋಟ ಚಹಾ ತಂದಿಡುತ್ತೇನೆ. ಆದರೂ ಪಶ್ಚಾತ್ತಾಪವಿಲ್ಲ. ನಮ್ಮ ಕಡೆಯವರೆಲ್ಲ 'ಒಂದು ಬೆಕ್ಕಿಗಾಗಿ!' ಎನ್ನುತ್ತಾರೆ. ಹೌದು, ಒಂದು ಬೆಕ್ಕಿಗಾಗಿಯೇ. ನೀನೂ ಬೇಕಾದರೆ ಅನ್ನು.

ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನವಳೇ,
ಎನಿಡ್

ಮ. ವಿ.: ಸಹಿ ಹಾಕಿದ ಮೇಲೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಹಡಗು ಬಂದ ಆ ಬೆಳಿಗ್ಗೆ ಟಿಬ್ಬಿಯನ್ನು ದೀಪದ ಎಣ್ಣೆ ಇಡುವ ಕೋಣೆಯಲ್ಲಿ ಕೂಡಿ ಬೀಗ ಹಾಕಿದವಳು ನಾನೇ. ಪೊದೆಯೊಳಗೆ ಓಡಿಹೋದಳೆಂದು ಬೆರಿಲ್‌ಗೆ ಸುಳ್ಳು ಹೇಳಿ ಮೊದಲ ಬುಟ್ಟಿಯಲ್ಲೇ ಹಡಗು ಹತ್ತಿದ್ದೆ. ಟಿಬ್ಬಿಯ ಕೂಗು ಕೇಳಿ, ಕೊಡಲಿಯಿಂದ ಬೀಗ ಒಡೆದು ತಂದವನು ಕ್ಲೆಮ್. ಅವನ ಕೋಟಿನಲ್ಲಿ ಆ ಕಿವಿ ಕಂಡ ಮೇಲೆ ಬಂತು ನನಗೆ ಕ್ಯಾಪ್ಟನ್‌ಗೆ ಎದುರಾಡುವ ಆ ಬಾಯಿ. ನಾನು ಇಟ್ಟ ಮೀನನ್ನು ಟಿಬ್ಬಿ ಇವತ್ತಿಗೂ ಮುಟ್ಟುವುದಿಲ್ಲ. ನಾನೂ ಬಿಟ್ಟಿಲ್ಲ, ದಿನಾ ಇಡುತ್ತೇನೆ.