ಮೊದಲು ಆರಿದ ಬತ್ತಿಯ ಹೆಸರು

ರಶೀದ್ ಪಟ್ಟಣ,
ನವೆಂಬರ್ 14, 1986

ಪ್ರೀತಿಯ ವಗೀದಾ ಅಕ್ಕನಿಗೆ,

ನಿನ್ನ ತಮ್ಮ ಬಸ್ಯೂನಿಯ ಸಲಾಮು. ನೀನೂ ಭಾವನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ಬರೆಯುವುದು ತುಂಬಾ ತಡವಾಯಿತು. ಬೈಯಬೇಕು ಅನಿಸಿದರೆ ಅಲ್ಲೇ ಅಸ್ವಾನಿನಲ್ಲಿ ನದಿ ದಂಡೆಯಲ್ಲಿ ನಿಂತು ಬೈದುಬಿಡು. ನೀರಿನ ಜೊತೆ ತೇಲಿಕೊಂಡು ನಮ್ಮೂರಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ.

ನೀನು ಕಳಿಸಿದ ದಾಸವಾಳದ ಒಣಹೂವು ತಲುಪಿತು. ಚೀಲ ಹಗುರವಾಗಿತ್ತು, ದಾರಿಯಲ್ಲಿ ಬಸ್ಸಿನವನು ನಮ್ಮ ಲೆಕ್ಕದಲ್ಲಿ ಷರಬತ್ತು ಕುಡಿದಿರಬೇಕು. ನಾನು ಚೆನ್ನಾಗಿದ್ದೇನೆ. ಬೇಯಿಸಿದ ಕಾಳಿನ ಗಾಡಿ ಹಾಗೇ ಇದೆ, ಮಂಡಿನೋವೂ ಹಾಗೇ ಇದೆ, ಹೊಟ್ಟೆ ಮಾತ್ರ ಏಳಿಗೆ ಕಂಡಿದೆ. ಗಾಡಿಯ ಹಿಂದೆ ನಿಂತರೆ ಹಂಡೆ ಯಾವುದು, ಯಜಮಾನ ಯಾವನು ಎಂದು ಗಿರಾಕಿಗಳು ಕೇಳುತ್ತಾರೆ.

ನನ್ನ ಮಗಳು ರಾವಿಯಾಳ ಮಗು ಹೇಗಿದೆ ಎಂದು ಕೇಳಿದ್ದೀಯ. ಅದರ ಕೆಳಗೇ “ಎಲ್ಲಾ ಮೊದಲೇ ಬರೆದಿಟ್ಟದ್ದು ತಮ್ಮಾ, ಸುಮ್ಮನೆ ತಲೆ ಚಚ್ಚಿಕೊಳ್ಳಬೇಡ” ಎಂದೂ ಬರೆದಿದ್ದೀಯ. ಆ ಸಾಲಿನ ಮೇಲೆ ನನಗೆ ಜಗಳವಿದೆ. ನೀನು ನನ್ನನ್ನು ಎತ್ತಿ ಆಡಿಸಿದವಳು, ನಿನ್ನ ಜೊತೆ ಜಗಳ ಆಡದೆ ಇನ್ನಾರ ಜೊತೆ ಆಡಲಿ? ಮೊದಲಿನಿಂದ ಹೇಳುತ್ತೇನೆ, ಕೇಳು.

ಏಳನೆಯ ದಿನದ ಶಾಸ್ತ್ರ ರಾವಿಯಾಳ ಅತ್ತೆಯ ಮನೆಯಲ್ಲೇ ಆಯಿತು. ಅವಳ ಅತ್ತೆ ಹಾಜ್ಜಾ ಇನ್ಶಿರಾ ನಿನಗೆ ಗೊತ್ತಲ್ಲ, ಮದುವೆಯ ದಿನ ನನ್ನ ಚಪ್ಪಲಿ ಹಳೆಯದೆಂದು ಹೇಳಿ ಅದನ್ನು ಮೆಟ್ಟಿಲ ಕೆಳಗೆ ಮುಚ್ಚಿಟ್ಟ ಹೆಂಗಸು. ಹೆಸರು ಆರಿಸಲು ಮೂರು ಮೇಣದಬತ್ತಿ ಹಚ್ಚಿದ್ದರು. ಒಂದು ರಾವಿಯಾಳ ಇಷ್ಟದ ಹೆಸರಿನದು, ನವಾರಾ. ಒಂದು ಅವಳ ನಾದಿನಿ ಹೇಳಿದ ಇಬ್ತಿಸಾಮ್. ಇನ್ನೊಂದು ಹಾಜ್ಜಾಳ ಸತ್ತ ತಾಯಿಯ ಹೆಸರಿನದು, ತಫೀದಾ. ಯಾವ ಬತ್ತಿ ಕೊನೆಯವರೆಗೆ ಉರಿಯುತ್ತದೋ ಮಗುವಿಗೆ ಆ ಹೆಸರು, ಅಷ್ಟು ದೊಡ್ಡ ಆಯಸ್ಸು. ಅಕ್ಕಾ, ಉಳಿದೆರಡು ಬತ್ತಿ ಬೆರಳಿನಷ್ಟು ಸಣ್ಣ, ತಫೀದಾ ಬತ್ತಿ ನನ್ನ ಮುಂಗೈಯಷ್ಟು ದಪ್ಪ!

“ಏನ್ ಬೀಗಿತ್ತಿ, ಹಣೆಬರಹಾನ ಅಂಗಡಿಯಿಂದ ದಪ್ಪದ್ದೇ ನೋಡಿ ತಂದಂಗಿದೆ?” ಎಂದೆ.

“ನೀವು ಕಾಳು ಬೇಯಿಸ್ಕೊಂಡಿರಿ ಬೀಗರೇ, ಶಾಸ್ತ್ರ ನಮಗೆ ಬಿಡಿ” ಎಂದಳು.

ರಾವಿಯಾಳ ತಾಯಿ ಇಲ್ಲವಲ್ಲ, ಅದಕ್ಕೆ ತಾಯಿಯ ಕೆಲಸವನ್ನೆಲ್ಲ ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಬಾಣಂತಿ ಪಾನಕದ ತಟ್ಟೆ ಎರಡು ಕೈಯಲ್ಲಿ ಹಿಡಿದು ಬಂದು ಸೊಂಟದಿಂದ ಬಾಗಿಲು ನೂಕಿದೆ. ಸಮುದ್ರದ ಗಾಳಿ ನನ್ನ ಜೊತೆಗೇ ಒಳಗೆ ನುಗ್ಗಿತು. ನವಾರಾ ಬತ್ತಿ ಫಕ್ಕನೆ ಆರಿತು.

ಹಾಜ್ಜಾ ಎದೆ ಮುಟ್ಟಿಕೊಂಡು, “ಅಯ್ಯೋ, ತಾಯಿ ಇಟ್ಟ ಬತ್ತಿನೇ ಹೋಯ್ತು. ಈ ಮಗು ನಮಗೆ ದಕ್ಕಲ್ಲ” ಎಂದಳು.

“ಅದನ್ನ ಆರಿಸಿದ್ದು ನನ್ನ ಸೊಂಟ ಹಾಜ್ಜಾ, ದೇವರ ಮೇಲೆ ಯಾಕೆ ಹಾಕ್ತೀರಿ?” ಎಂದೆ. ಒಬ್ಬರೂ ನಗಲಿಲ್ಲ. ಸರಿ, ಮನೆ ಹಗುರಾಗಲಿ ಎಂದು ಹಿತ್ತಾಳೆ ಕುಟ್ಟಾಣಿ ತೆಗೆದುಕೊಂಡು ಶಾಸ್ತ್ರದಂತೆ ಜರಡಿಯಲ್ಲಿ ಮಲಗಿಸಿದ್ದ ಮಗುವಿನ ಪಕ್ಕ ಕೂತು ಕುಟ್ಟತೊಡಗಿದೆ. ಹೆಂಗಸರು ಪದ್ಧತಿಯಂತೆ, “ಅಮ್ಮನ ಮಾತು ಕೇಳು, ಅಜ್ಜಿ ಮಾತು ಕೇಳ್ಬೇಡ!” ಎಂದು ಕೂಗಿದರು. ನಾನು ಅವರಿಗಿಂತ ಜೋರಾಗಿ, “ಯಾರ ಮಾತೂ ಕೇಳ್ಬೇಡ ಕಣೇ ಪುಟ್ಟಿ! ನಿನ್ನಿಷ್ಟ ಬಂದಂಗೆ ಬದುಕು!” ಎಂದೆ.

ಸದ್ದಿಗೆ ಮಗು ಬೆಚ್ಚಿ ಅತ್ತಿತು. ಅಳುತ್ತ ಅಳುತ್ತ ಬಣ್ಣ ತಿರುಗಿತು. ನಾವೆಲ್ಲ ಆರಿದ ಬತ್ತಿಯ ಕಡೆ ನೋಡಿದೆವು. ರಾವಿಯಾ ಒಬ್ಬಳೇ ಮಗುವಿನ ತುಟಿ ನೋಡಿದಳು. “ಅಪ್ಪಾ, ನೀಲಿ ಆಗ್ತಿದೆ. ಹಾಲು ಕುಡಿಯೋವಾಗ್ಲೂ ಹಿಂಗೇ ಆಗುತ್ತೆ” ಎಂದಳು.

ಮರುದಿನ ನಮ್ಮೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಹೃದಯದಲ್ಲಿ ತೂತು ಇದೆ, ಕೈರೋಗೆ ಕರೆದುಕೊಂಡು ಹೋಗಿ, ಅಲ್ಲಿ ಎದೆ ಬಿಚ್ಚಿ ಹೊಲಿಯುತ್ತಾರೆ, ಉಳಿಯುತ್ತದೆಂದು ಮಾತು ಕೊಡಲಾರೆ, ಸುಮ್ಮನಿದ್ದರೆ ಮಾತ್ರ ಖಂಡಿತ ಉಳಿಯುವುದಿಲ್ಲ ಎಂದರು. ಅಕ್ಕಾ, ನನ್ನಂಥವನಿಗೂ ಅರ್ಥವಾಗುವ ಮಾತು ಅದು.

ಹಾಜ್ಜಾಳಿಗೆ ಅರ್ಥವಾಗಲಿಲ್ಲ. “ಬತ್ತಿ ಆಗ್ಲೇ ಹೇಳಿದೆ. ಹೋಗೋ ಮಗೂನ ಯಾಕೆ ಕೊಯ್ಯಿಸ್ತೀರಿ? ತಾಯಿ ಮಡಿಲಲ್ಲೇ ಇರ್ಲಿ. ಮಕ್ತೂಬ್” ಎಂದಳು. ಎಲ್ಲ ಬರೆದದ್ದು ಎನ್ನುವ ಆ ಒಂದು ಮಾತು ಬಂದರೆ ನಮ್ಮ ಕಡೆ ಎಲ್ಲರ ಬಾಯಿಗೂ ಬೀಗ. ಅಳಿಯ ಮಿತ್ವಲ್ಲಿ ಗೋಡೆಗೆ ಒರಗಿ ತನ್ನ ಕಾಲಬೆರಳು ನೋಡುತ್ತ ನಿಂತ.

ನಾನು ಹೇಳಿದೆ, “ಹಾಜ್ಜಾ, ದಿನಾ ಸಂಜೆ ಕಾಳು ನೆನೆಹಾಕ್ತೀನಿ. ಮೆತ್ತಗಾಗೋದು ಬಿಡೋದು ದೇವರಿಗೆ ಸೇರಿದ್ದು, ಒಪ್ಪಿದೆ. ಆದ್ರೆ ಒಲೆ ಹಚ್ಚದೆ ಹಂಡೆ ಮುಂದೆ ಕೂತು ಮಕ್ತೂಬ್ ಮಕ್ತೂಬ್ ಅಂದ್ರೆ ನಾಳೆ ಊರು ಏನು ತಿನ್ನುತ್ತೆ, ನನ್ನ ತಲೆನಾ?”

“ದೇವರು ಬರೆದದ್ದನ್ನ ಅಳಿಸೋಕೆ ನೀನ್ಯಾರೋ?”

“ಅಳಿಸಲ್ಲ. ಈ ಬಸ್ಯೂನಿ ಕತ್ತೆ ಥರ ಹಟ ಮಾಡ್ತಾನೆ ಅಂತಾನೂ ಅಲ್ಲೇ ಬರೆದಿರಬೇಕು. ನಿಮ್ಮ ಕಡೆ ಪುಟ ನೀವು ಓದಿ, ನನ್ನ ಕಡೇದು ನಾನು ಓದ್ತೀನಿ.”

ನಾವಿಬ್ಬರೂ ಹೀಗೆ ಹುಂಜಗಳ ಹಾಗೆ ಕಾದಾಡುವಾಗ ರಾವಿಯಾ ಎದ್ದಳು. ಬಾಣಂತಿ ಮೈಯಲ್ಲೇ ಚಪ್ಪಲಿ ಮೆಟ್ಟಿದಳು, ಮಗುವನ್ನು ಶಾಲಿನಲ್ಲಿ ಸುತ್ತಿದಳು. “ಅಪ್ಪಾ, ನಡಿ. ಇವ್ರು ಬರೋದಾದ್ರೆ ಬರ್ಲಿ” ಎಂದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಹುಟ್ಟಿದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ ಅಕ್ಕಾ.

ಕೈರೋದ ಆಸ್ಪತ್ರೆ ಎಂದರೆ ಒಂದು ಊರು. ಮಗುವನ್ನು ಸೇರಿಸುವಾಗ ಗುಮಾಸ್ತ ಹೆಸರು ಕೇಳಿದ. ನಾನು ರಾವಿಯಾಳ ಮುಖ ನೋಡಿದೆ. ತಫೀದಾ ಬತ್ತಿ ಆಮೇಲೆಯೂ ರಾತ್ರಿಯವರೆಗೆ ಉರಿದಿತ್ತು, ಶಾಸ್ತ್ರದ ಪ್ರಕಾರ ಅದೇ ಹೆಸರು. ಅವಳು, “ನವಾರಾ” ಎಂದಳು. ಗುಮಾಸ್ತನಿಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿದಳು, ಈ ಸಲ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಆರಿದ ಹೆಸರನ್ನು ಯಾರಾದರೂ ಇಡುತ್ತಾರೆಯೇ? ನನ್ನ ಮಗಳು ಇಟ್ಟಳು.

ಎರಡನೆಯ ದಿನ ಮಿತ್ವಲ್ಲಿ ಬಂದ. ಕಂಕುಳಲ್ಲಿ ಕಂಬಳಿ, ಕೈಯಲ್ಲಿ ರೊಟ್ಟಿ ಗಂಟು. “ಅಮ್ಮಂಗೆ ಹೇಳಿ ಬಂದ್ಯೇನೋ?” ಎಂದು ಕೇಳಿದೆ. “ರೊಟ್ಟಿ ಕಟ್ಟಿಕೊಟ್ಟಿದ್ದೇ ಅಮ್ಮ ಮಾವಾ. ಬೈತಾ ಬೈತಾ ಕಟ್ಟಿದ್ಳು” ಎಂದ. ಮೂವರೂ ಮೆಟ್ಟಿಲ ಮೇಲೆ ಕೂತು ತಿಂದೆವು. ಡಾಕ್ಟರು ಎದೆ ಹೊಲಿದು ಹೊರಗೆ ಬಂದು, ಈಗ ನೋಡಬಹುದು ಎಂದರು. ಅಕ್ಕಾ, ಆ ತುಟಿ ನೀನು ನೋಡಬೇಕಿತ್ತು. ಹಣ್ಣಾದ ಸೀಬೆಯ ಒಳಗಿನ ಬಣ್ಣ! ರಾವಿಯಾ ನಗುತ್ತ ಅತ್ತಳು, ಮಿತ್ವಲ್ಲಿ ಅವಳ ಕೈ ಹಿಡಿದುಕೊಂಡ. ನಾನು ಒಬ್ಬ ನರ್ಸಮ್ಮನಿಗೆ, “ನಮ್ಮೂರಿಗೆ ಬಾ ತಾಯಿ, ಜೀವನಪೂರ್ತಿ ಕಾಳು ಪುಕ್ಕಟೆ” ಎಂದೆ. “ನಂಗೆ ಕಾಳು ತಿಂದ್ರೆ ಹೊಟ್ಟೆ ಉಬ್ಬುತ್ತೆ” ಎಂದಳು.

ಈಗ ನಾವು ಊರಿಗೆ ವಾಪಸ್ಸಾಗಿದ್ದೇವೆ. ರಾವಿಯಾ ನನ್ನ ಮನೆಯಲ್ಲೇ ಇದ್ದಾಳೆ. ಮಿತ್ವಲ್ಲಿ ದಿನಾ ಸಂಜೆ ಬಂದು ಅವಳ ಜೊತೆ ಕೂರುತ್ತಾನೆ. ಭಾವನಿಗೆ ನನ್ನ ಸಲಾಮು ಹೇಳು, ಸಕ್ಕರೆ ಕಡಿಮೆ ಮಾಡಲು ಹೇಳು. ನಿನ್ನ ಮಕ್ಕಳು ಮೊಮ್ಮಕ್ಕಳಿಗೆಲ್ಲ ದೇವರು ಆಯಸ್ಸು ಕೊಡಲಿ, ನಿನ್ನ ಕೈ ಅಡುಗೆಯ ರುಚಿ ನಿನ್ನ ಸೊಸೆಯರಿಗೂ ಬರಲಿ.

ನಿನ್ನ ತುಂಟ ತಮ್ಮ,
ಬಸ್ಯೂನಿ

ಮರೆತದ್ದು: ಮರೆತಿಲ್ಲ ಅಕ್ಕಾ, ಮೇಲೆ ಬರೆಯಲು ಕೈ ಬರಲಿಲ್ಲ. ನವಾರಾ ಹೋದಳು. ಹೊಲಿಗೆ ಹಾಕಿದ ಮೇಲೆ ಕೆಲವು ದಿನ ಚೆನ್ನಾಗಿದ್ದಳು, ನನ್ನ ಬೆರಳನ್ನು ಬಿಡಿಸಿಕೊಳ್ಳಲಾಗದ ಹಾಗೆ ಹಿಡಿದಳು. ಆಮೇಲೆ ಜ್ವರ ಬಂತು.

ಮಣ್ಣು ಮಾಡಿ ಬಂದಾಗ ಹಾಜ್ಜಾ ನನ್ನ ತೋಳು ಹಿಡಿದು ಅತ್ತಳು. “ಬತ್ತಿ ಅವತ್ತೇ ಹೇಳಿತ್ತಲ್ಲೋ ಬಸ್ಯೂನಿ” ಎಂದಳು. ಅವಳು ಕೆಟ್ಟವಳಲ್ಲ. ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡಾಗ ಆ ಮಾತನ್ನೇ ಊರುಗೋಲು ಮಾಡಿಕೊಂಡು ಎದ್ದು ನಿಂತವಳು. ಆದರೆ ಅದೇ ಕೋಲಿನಿಂದ ನನ್ನ ಮಗಳಿಗೆ ಹೊಡೆಯಲು ನಾನು ಬಿಡುವುದಿಲ್ಲ. “ಬತ್ತಿ ಏನೂ ಹೇಳ್ಲಿಲ್ಲ ಹಾಜ್ಜಾ. ಗಾಳಿ ಬಂತು, ಆರಿತು. ಮಗೂಗೆ ಕಾಯಿಲೆ ಇತ್ತು, ನಾವು ಹೋರಾಡಿದ್ವಿ, ಸೋತ್ವಿ” ಎಂದೆ.

ಮೊನ್ನೆ ರಾವಿಯಾ ಕೇಳಿದಳು, “ಅಪ್ಪಾ, ಕರ್ಕೊಂಡು ಹೋಗಿದ್ದು ತಪ್ಪಾಯ್ತಾ? ಇಲ್ಲೇ ಇದ್ದಿದ್ರೆ ಇನ್ನೊಂದಿಷ್ಟು ದಿನ ನನ್ನ ಮಡಿಲಲ್ಲಿ ಇರ್ತಿತ್ತಾ?” ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ. “ಎದ್ದು ಚಪ್ಪಲಿ ಮೆಟ್ಟಿದ್ಯಲ್ಲ ಮಗಳೇ, ಅದನ್ನ ನಿನಗೆ ಯಾರೂ ಬರೆದು ಕೊಟ್ಟಿರ್ಲಿಲ್ಲ. ಅದು ನಿಂದು. ಅದನ್ನ ಯಾರಿಗೂ ಬಿಟ್ಟುಕೊಡಬೇಡ” ಎಂದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ನಿನ್ನ ಸಣ್ಣ ಅಕ್ಷರ ಈಗ ನನ್ನ ಕಣ್ಣಿಗೆ ಹತ್ತುವುದಿಲ್ಲ, ನಿನ್ನ ಕಾಗದಗಳನ್ನು ನನಗೆ ಓದಿ ಹೇಳುವವಳು ಅವಳೇ. ಉತ್ತರದಲ್ಲಿ ನನಗೆ ಬೈಯಿ, ಅಸ್ವಾನಿನ ಬಿಸಿಲಿಗೆ ಬೈಯಿ, ಅಳು. ಮಕ್ತೂಬ್ ಎಂದು ಮಾತ್ರ ಬರೆಯಬೇಡ. ನವಾರಾ ಎಂದು ಬರೆ. ಸೋದರತ್ತೆಯ ಕೈಯಲ್ಲಿ ಆ ಹೆಸರು ಬರೆದಿರುವುದನ್ನು ರಾವಿಯಾ ಬಾಯಿಬಿಟ್ಟು ಓದಲಿ.